ಬುಟ್ಟಿಯ ಸುತ್ತ ಬೂದಿ

ಕಳೆದ ವಾರ ಅಂಕೋಲೆಯ ಬಸ್ ಸ್ಟ್ಯಾಂಡಿನ ಎದುರು ಗಣಪಿಯ ಬುಟ್ಟಿಯಲ್ಲಿ ಕರಿ ಇಶಾಡ ಮಾವಿನ ಹಣ್ಣು ಮೆತ್ತಗಾಗುತ್ತಿತ್ತು. ಮಧ್ಯಾಹ್ನವಾದರೂ ಒಂದೂ ಹೋಗಿರಲಿಲ್ಲ. ಹಿಲ್ಲೂರಿನಿಂದ ಮೊದಲ ಬಸ್ಸಿಗೆ ಬಂದು, ಹತ್ತು ಗಂಟೆಗೆಲ್ಲ ಬುಟ್ಟಿ ಖಾಲಿ ಮಾಡುತ್ತಿದ್ದ ಹೆಂಗಸು ಅವಳು.

"ಎಂತಾಗಿದ್ಯೋ. ಜನ ಫೋನು ನೋಡ್ತ್ರು, ನನ್ನ ನೋಡ್ತ್ರು, ಹೋಗ್ತ್ರು" ಎಂದಳು.

ಕಾರಣ ನನಗೆ ಗೊತ್ತಿತ್ತು. ಕಾರವಾರದ ನಮ್ಮ ವಾಟ್ಸಾಪ್ ಗ್ರೂಪಿಗೂ ಆ ಫೋಟೋ ಬಂದಿತ್ತು. ಗಣಪಿ ಬಗ್ಗಿ, ಬುಟ್ಟಿಯ ಹತ್ತಿರ ಬೂದುಬಣ್ಣದ ಪುಡಿ ಉದುರಿಸುತ್ತಿದ್ದಾಳೆ. ಕೆಳಗೆ: ‘ಕಾರ್ಬೈಡ್ ಹಾಕಿ ಮಾಗಿಸಿದ ಹಣ್ಣು. ಮಕ್ಕಳಿಗೆ ಕೊಡಬೇಡಿ.’

ಫೋಟೋ ತೋರಿಸಿದೆ. "ಎಂತಾ ಪುಡಿ ಇದು?"

"ಬೂದಿ. ಇರುವೆ ಬರ್ತದಲ್ಲ, ಅದ್ಕೆ ಸುತ್ತ ಹಾಕೂದು. ನಿಮ್ಮನೇಲಿ ಬೂದಿ ಕಂಡವ್ರೇ ಇಲ್ವಾ ಅಕ್ಕ? ಓ, ನಿಮ್ದೆಲ್ಲ ಗ್ಯಾಸು ಅಲ್ದಾ."

ಕಂಡಿದ್ದೇನೆ, ಮಾರಾಯ್ತಿ. ನನ್ನಮ್ಮ ಬೆಲ್ಲದ ಡಬ್ಬಿಯ ಸುತ್ತ ಬೂದಿಯ ಗೆರೆ ಎಳೆಯುತ್ತಿದ್ದಳು. (ಅಥವಾ ಅದು ಅಜ್ಜಿಯೋ. ನನ್ನ ನೆನಪನ್ನು ಅಷ್ಟು ನಂಬಬೇಡಿ.) ಗೊತ್ತಿದ್ದವರೇ ನಂಬಿದೆವು. ಯಾಕೆ? ಆರು ಜನ ಕಳಿಸಿದ್ದರು. ಅಮದಳ್ಳಿಯ ನಾದಿನಿ, ಯೋಗ ಕ್ಲಾಸಿನವರು, ನಿವೃತ್ತ ಹೆಡ್ಮಾಸ್ತರರು. ಇವರೆಲ್ಲ ಸುಳ್ಳು ಹೇಳುತ್ತಾರಾ? ಒಬ್ಬರೂ ಕಣ್ಣಾರೆ ನೋಡಿರಲಿಲ್ಲ, ಸ್ವಾಮಿ. ಒಂದೇ ಫೋಟೋ ಆರು ಬಾಗಿಲಿನಿಂದ ಒಳಗೆ ಬಂತು, ನಾವು ಆರು ಸಾಕ್ಷಿ ಎಂದುಕೊಂಡೆವು.

ಸಿಟ್ಟಿನಲ್ಲಿ ನಾದಿನಿಗೆ ಫೋನ್ ಮಾಡಿದೆ. "ಯಾರು ಕಳ್ಸಿದ್ದು ನಿಂಗೆ ಅದ್ನ?"

"ಯಾರು ಅಂದ್ರೆ? ನೀನೇ ಅಲ್ದಾ ವೈನಿ."

ಮೊಬೈಲ್ ತೆಗೆದು ನೋಡಿದೆ. ಫೋಟೋ ‘ಬಂದಿತ್ತು’ ಎಂದು ಮೇಲೆ ಬರೆದೆನಲ್ಲ, ಅದು ಅರ್ಧ. ಬಂದ ಎರಡೇ ನಿಮಿಷಕ್ಕೆ ಮೂರು ಕಡೆ ಕಳಿಸಿದ್ದೆ. ‘ಜಾಗ್ರತೆ’ ಎಂಬ ಮಾತು ನನ್ನದೇ ಸೇರ್ಪಡೆ. ನಾದಿನಿ ಅದನ್ನೇ ಮನೆಯವರ ಗ್ರೂಪಿಗೆ ಹಾಕಿದ್ದಳು. ನಾನು ಕಳಿಸಿದ್ದೇ ತಿರುಗಿ ಬಂದಾಗ ಅದನ್ನೂ ಒಂದು ಸಾಕ್ಷಿ ಎಂದು ಎಣಿಸಿದ್ದೆ. ಬಂದದ್ದು ನೆನಪಿತ್ತು, ಕಳಿಸಿದ್ದು ಮರೆತಿತ್ತು. ಎಷ್ಟು ಅನುಕೂಲದ ತಲೆ.

ಗಣಪಿಗೆ ಹೇಳಿದೆ. ಬೈಯಲಿಲ್ಲ. "ಹಂಗಾರೆ ಇದ್ನೂ ಕಳ್ಸಿ, ಬೂದಿ ಅಂತ. ಇನ್ನು ಎಂಟು ದಿನ, ಆಮೇಲೆ ಈ ಹಣ್ಣಿಲ್ಲ."

ಅಲ್ಲೇ ನಿಂತು ಮೂರೂ ಕಡೆ ಬರೆದೆ: ‘ಅದು ಒಲೆಯ ಬೂದಿ. ತಪ್ಪು ನನ್ನದು.’ ಸುಳ್ಳು ಗೋವೆ ಮುಟ್ಟಿ ಬಂದಿತ್ತು. ನನ್ನ ತಪ್ಪೊಪ್ಪಿಗೆ ನಮ್ಮೂರ ಪಕ್ಕದ ಕಾಳಿ ನದಿಯನ್ನೂ ದಾಟಲಿಲ್ಲ. ಸಿಕ್ಕಿದ್ದು ಎರಡು ಹೆಬ್ಬೆರಳು, ಒಂದು ‘ಶುಭ ಮಧ್ಯಾಹ್ನ’ದ ಗುಲಾಬಿ. ಮತ್ತೆ ಹೆಡ್ಮಾಸ್ತರರ ಪ್ರಶ್ನೆ: ‘ಬೂದಿ ಎಂಬುದಕ್ಕೆ ಪುರಾವೆ ಏನು?’

ಸರ್, ಕಾರ್ಬೈಡ್ ಎಂಬುದಕ್ಕೆ ಏನು ಪುರಾವೆ ಎಂದು ನಾವಿಬ್ಬರೂ ಯಾಕೆ ಕೇಳಲಿಲ್ಲ?