ರೌಂಡ್ಸಿನ ಹೊತ್ತಿಗೆ ಜಲಜ ಬಾಯಿ ಬಿಟ್ಟದ್ದು

ಕುಂದಾಪುರದ ಆ ಆಸ್ಪತ್ರೆಗೂ ಹೊಳೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಒಂಬತ್ತಾಯಿತೆಂದರೆ ನೀರಿನ ಬೆಳಕು ಕಿಟಕಿಯಲ್ಲಿ ನುಗ್ಗಿ ಹೆಂಗಸರ ವಾರ್ಡಿನ ಸೀಲಿಂಗಿನಲ್ಲಿ ತೂಗಾಡುತ್ತಿತ್ತು. ಅದರಡಿಯಲ್ಲಿ ಗುಲ್ವಾಡಿಯ ನರ್ಸ್ ಜಲಜ ಹನ್ನೊಂದು ವರ್ಷ ಫೈಲು ಹಿಡಿದು, ಅರೆನಿದ್ದೆಯಲ್ಲಿದ್ದ ಹಾಗೆ ಡಾಕ್ಟರ ಹಿಂದೆ ನಡೆದಿದ್ದಳು. ಕೇಳಿದರೆ ಉತ್ತರ, ಇಲ್ಲವಾದರೆ ಇಲ್ಲ. "ನಮ್ಗ್ಯಾಕ್ ಮಾರಾಯ್ತಿ ಊರ ಉಸಾಬರಿ?" ಎನ್ನುವುದು ಅಲ್ಲಿನ ನರ್ಸುಗಳ ದಿನದ ಮಂತ್ರ. ಡಾಕ್ಟರಿಗೆ ಗೊತ್ತಿಲ್ಲದ್ದು ನರ್ಸಿಗೆ ಗೊತ್ತಿರುತ್ತದೆಯೇ ಅಂತ ಕೇಳಬೇಡಿ. ಅಯ್ಯೋ, ದಿನಾ ಮೈ ಒರೆಸುವವಳಿಗೆ ಗೊತ್ತಾಗದೆ ಮತ್ಯಾರಿಗೆ ಗೊತ್ತಾಗಬೇಕು!

೨೦೦೩ರ ಸೆಪ್ಟೆಂಬರ್. ಮೀನು ಮಾರುವ ನಾಗುವಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಆ ಬೆಳಿಗ್ಗೆ ಮೈ ಒರೆಸುವಾಗ ಜಲಜಳ ಕೈ ನಿಂತಿತು. ನಾಗುವಿನ ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಕೊಟ್ಟ ಗಂಜಿಯನ್ನೆಲ್ಲ ನಾಗು ಕಿಟಕಿಯಾಚೆಯ ಬೆಕ್ಕಿಗೆ ಹಾಕಿದ್ದಳು.

ಅಷ್ಟರಲ್ಲಿ ಬಯಲುಸೀಮೆಯಿಂದ ಬಂದ ಹೊಸ ಡಾಕ್ಟರು ಒಳಗೆ ಬಂದರು. ದೊಡ್ಡವರು ಎದುರಿಗೆ ನಿಂತು ವಿಚಾರಿಸಿದಾಗ ನೋವು ತೋಡಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ ನೋಡಿ. ನಾಗು ದಡಬಡ ಎದ್ದು ಕೂತು, ಸೆರಗು ಸರಿಮಾಡಿ, ನಕ್ಕಳು.

"ಎಂತದೂ ಇಲ್ಲೆ ಡಾಕ್ಟ್ರೇ, ಲಾಯ್ಕ್ ಇತ್ತ್. ಮನಿಗ್ ಹೋಪುಕಕ್ಕಾ?"

ಮನೆಗೆ ಹೋಗಬಹುದು ಎಂದು ಡಾಕ್ಟರು ಖುಷಿಯಿಂದ ಡಿಸ್ಚಾರ್ಜ್ ಬರೆಯಲು ಪೆನ್ನು ತೆಗೆದರು. ಸೀಲಿಂಗಿನ ಬೆಳಕು ಅಲ್ಲಾಡುತ್ತಲೇ ಇತ್ತು. ತಾನೆಲ್ಲೋ ನೀರಿನಡಿ ನಿಂತಿದ್ದೇನೆ, ಕೂಗಿದರೂ ಯಾರಿಗೂ ಕೇಳಿಸಲಾರದು ಎನಿಸಿತು ಜಲಜಳಿಗೆ. ಹಾಗೆ ಎನಿಸುತ್ತಿರುವಾಗಲೇ ತನ್ನ ದನಿ ಕೇಳಿ ಅವಳೇ ಬೆಚ್ಚಿದಳು.

"ಸರ್, ಇವರನ್ನು ಕಳಿಸಬೇಡಿ. ಹೇಳಿದ್ದೆಲ್ಲ ಸುಳ್ಳು."

"ಹೆಣೆ, ಸುಮ್ನಿರ್!" ನಾಗು ಅವಳ ಕೈ ಚಿವುಟಿದಳು.

ಡಾಕ್ಟರ ಮುಖ ಗಂಟಾಯಿತು. "ಡಾಕ್ಟರ್ ನೀವಾ, ನಾನಾ?"

"ನೀವೇ ಸರ್. ಆದರೆ ಈ ಹೊಟ್ಟೆ ಮುಟ್ಟಿದ್ದು ನಾನು. ನೀವೂ ಒಮ್ಮೆ ಮುಟ್ಟಿ ನೋಡಿ."

ಅವರು ಬೇಕೋ ಬೇಡವೋ ಎಂದು ಕೈ ಇಟ್ಟರು. ಮರುಕ್ಷಣ ಥಿಯೇಟರ್ ರೆಡಿ ಮಾಡಲು ಕೂಗಿದರು. ಒಳಗೆಲ್ಲ ಕೀವು ತುಂಬಿತ್ತು. ಇನ್ನೊಂದು ದಿನ ಕಳೆದಿದ್ದರೆ ನಾಗು ಉಳಿಯುತ್ತಿರಲಿಲ್ಲ ಎಂದು ಆಮೇಲೆ ಅವರೇ ಎಲ್ಲರೆದುರು ಹೇಳಿ, ಜಲಜಳಿಗೆ ಕೈ ಮುಗಿದರು.

ವಾರ್ಡಿನವರೆಲ್ಲ ಹೊಗಳಿದ್ದೇ ಹೊಗಳಿದ್ದು. ಜಲಜ ಮಾತ್ರ ಲಿನನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಡಚಿಟ್ಟ ಬೆಡ್‌ಶೀಟಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಮೂರು ವರ್ಷದ ಹಿಂದೆ, ಗಂಡಸರ ವಾರ್ಡಿಗೆ ಬದಲಿ ಡ್ಯೂಟಿಗೆ ಹೋಗಿದ್ದಾಗ, ಅಮಾಸೆಬೈಲಿನ ದುಗ್ಗಪ್ಪನ ಹೊಟ್ಟೆಯನ್ನೂ ಅವಳು ಮುಟ್ಟಿದ್ದಳು. ಅವತ್ತು ಡಾಕ್ಟರು ಕೇಳಲಿಲ್ಲ, ಅವಳು ಹೇಳಲಿಲ್ಲ, ದುಗ್ಗಪ್ಪ ಉಳಿಯಲಿಲ್ಲ.