ಕ್ಲಿಫರ್ಡ್ ಬೂತ್ರಾಯ್ಡನ ಅರವತ್ತನಾಲ್ಕನೆಯ ಮೈದಾನ

ಹ್ಯಾಲಿಫ್ಯಾಕ್ಸ್ ಪೇಟೆಯಲ್ಲಿ ಪರದೆ ಬಟ್ಟೆ ಮಾರುತ್ತಿದ್ದ ಕ್ಲಿಫರ್ಡ್ ಬೂತ್ರಾಯ್ಡ್ ಜಿಪುಣನೆಂದು ಹೆಸರಾಗಿದ್ದ. ಅದು ಅನ್ಯಾಯದ ಮಾತು. ಅವನು ಗಜಕ್ಕೆ ಗಜ ಕತ್ತರಿಸುತ್ತಿದ್ದ, ಅಷ್ಟೇ. ಕತ್ತರಿ ಗಿರಾಕಿಯ ಕಡೆಗೆ ಅರ್ಧ ಇಂಚು ವಾಲುತ್ತಿರಲಿಲ್ಲ, ತನ್ನ ಕಡೆಗೂ ವಾಲುತ್ತಿರಲಿಲ್ಲ. ನಲವತ್ತು ವರ್ಷದ ವ್ಯಾಪಾರದಲ್ಲಿ ಅವನ ಕಣ್ಣೇ ಅಳತೆಪಟ್ಟಿಯಾಗಿ ಹೋಗಿತ್ತು. ಹೆಂಡತಿ ಎನಿಡ್ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ಮದುವೆ ದಿನ ಪಾದ್ರಿ 'ಸಾಯೋವರೆಗೂ ಜೊತೆಗಿರ್ತೀವಿ' ಅಂತೆಲ್ಲ ಪ್ರಮಾಣ ಮಾಡಿಸ್ತಿದ್ರೆ, ಇವರು ನನ್ನ ಮುಸುಕಿನ ಅಂಚು ನೋಡ್ತಾ ನಿಂತಿದ್ರು. ಹೊರಗೆ ಬಂದ ಮೇಲೆ ಮೊದಲ ಮಾತು ಏನು ಗೊತ್ತಾ? ಎಡಗಡೆ ಒಂದಿಂಚು ಇಳಿದಿದೆ!"

ಶನಿವಾರ ಮಧ್ಯಾಹ್ನವಾದರೆ ಈ ಮನುಷ್ಯ ಅಂಗಡಿಯನ್ನು ಎನಿಡಳ ತಲೆಗೆ ಕಟ್ಟಿ ಫುಟ್‌ಬಾಲ್ ನೋಡಲು ಹೊರಡುತ್ತಿದ್ದ. ಹೆಸರಾದ ತಂಡಗಳ ಆಟಕ್ಕಲ್ಲ. ಆಟಗಾರರ ಹೆಂಡತಿಯರೇ ಬರಲು ಒಪ್ಪದಂಥ ಮೈದಾನಗಳಿಗೆ. ಬೆಟ್ಟದ ಇಳಿಜಾರಿನಲ್ಲಿ ಒಂದು ಹುಲ್ಲುಗಾವಲು, ಸುತ್ತ ತುಕ್ಕು ಹಿಡಿದ ಕಂಬಿ, ಟೀ ಮತ್ತು ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ಮಾರುವ ಒಂದು ತಗಡಿನ ಗೂಡು, ನಲವತ್ತು ಜನ, ಆರು ನಾಯಿ. ನಾಯಿಗಳು ಆಟವನ್ನು ಹೆಚ್ಚು ಗಮನವಿಟ್ಟು ನೋಡುತ್ತಿದ್ದವು.

ಈ ಹುಚ್ಚಿಗೆ ಅವನಿಗೊಬ್ಬ ಜೋಡಿಯಿದ್ದ, ನಿವೃತ್ತ ಬಸ್ ಕಂಡಕ್ಟರ್ ಡೆಸ್ಮಂಡ್ ಪ್ರಾಟ್. ಗೆಳೆಯನೆನ್ನಿ, ಎದುರಾಳಿಯೆನ್ನಿ. ಆ ಸೀಮೆಯ ಅರವತ್ತನಾಲ್ಕು ಮೈದಾನಗಳ ಪಟ್ಟಿ ಮಾಡಿ ಇಬ್ಬರೂ ಮೂವತ್ತು ವರ್ಷ ಅದರ ಹಿಂದೆ ಬಿದ್ದಿದ್ದರು. ನಿಯಮಗಳು ಎರಡು. ಆಟ ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಒಂದಾದರೂ ಗೋಲನ್ನು ಸ್ವಂತ ಕಣ್ಣಿನಿಂದ ನೋಡಬೇಕು. ಗೋಲಿಲ್ಲದೆ ಆಟ ಮುಗಿದರೆ ಆ ಮೈದಾನ ಲೆಕ್ಕಕ್ಕಿಲ್ಲ. "ಗೋಲಿಲ್ಲದ ಆಟ ಅಂದ್ರೆ ಮಾಂಸ ಇಲ್ಲದ ಪೈ," ಎನ್ನುತ್ತಿದ್ದ ಡೆಸ್ಮಂಡ್. ಒಮ್ಮೆ ಅವನು ಕೆಳಗೆ ಬಿದ್ದ ಪೈ ಎತ್ತಿಕೊಳ್ಳಲು ಬಗ್ಗಿದಾಗ ಆ ದಿನದ ಒಂದೇ ಗೋಲು ಆಗಿಹೋಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಮೂರು ಬಸ್ಸು ಬದಲಿಸಿ ಇನ್ನೊಮ್ಮೆ ಹೋಗಿಬಂದ. ಇಂಥವರಿಗೆ ಚರ್ಚಿಗೆ ಹೋಗುವ ಅಗತ್ಯವಿರುವುದಿಲ್ಲ.

ಅರವತ್ತಮೂರು ಮುಗಿದಿದ್ದವು. ಇಬ್ಬರಿಗೂ ಉಳಿದದ್ದು ಥಾರ್ನ್‌ಷಾ ಒಂದೇ. ಮೊದಲ ಸಲ ಹೋದಾಗ ಮಂಜು ಕವಿದು ರೆಫರಿಗೆ ಚೆಂಡೇ ಕಾಣಲಿಲ್ಲ. ಎರಡನೆಯ ಸಲ ಮೈದಾನದಲ್ಲಿ ಬಾತುಕೋಳಿಗಳು ಈಜುತ್ತಿದ್ದವು. ಮೂರು, ನಾಲ್ಕನೆಯ ಸಲ ಆಟವೇನೋ ನಡೆಯಿತು, ಸೊನ್ನೆ-ಸೊನ್ನೆ. ಥಾರ್ನ್‌ಷಾದವರಿಗೆ ಗೋಲು ಹೊಡೆಯಲೂ ಬರುತ್ತಿರಲಿಲ್ಲ, ಬಿಟ್ಟುಕೊಡಲೂ ಬರುತ್ತಿರಲಿಲ್ಲ. ೧೯೮೮ರ ಏಪ್ರಿಲ್‌ನಲ್ಲಿ ಸುದ್ದಿ ಬಂತು: ಮೈದಾನ ಮಾರಾಟವಾಗಿದೆ, ಮನೆಗಳು ಏಳುತ್ತವೆ. ಶನಿವಾರ ಕೊನೆಯ ಆಟ, ಸೋಮವಾರ ಬುಲ್ಡೋಜರ್.

ಟೀ ಗೂಡಿನ ಮೇವಿಸ್ ಇಬ್ಬರನ್ನೂ ದೂರದಿಂದಲೇ ಗುರುತಿಸಿದಳು. "ಬಂದ್ರಾ ಶನಿಗಳು! ನೀವು ಬಂದ್ರೆ ನಮ್ಮೋರು ಗೋಲೇ ಹೊಡೆಯಲ್ಲ."

"ನಾವು ಬರದೇ ಇದ್ದಾಗ ಏನು ಮಹಾ ಹೊಡೆದಿದಾರಮ್ಮ?" ಎಂದ ಡೆಸ್ಮಂಡ್.

ಎದುರು ತಂಡ ಪಕ್ಕದ ಊರಿನ ಸ್ಕಾರ್‌ಬೆಕ್. ಎರಡೂ ಊರಿನವರು ಒಬ್ಬರನ್ನೊಬ್ಬರು ನಂಬಿದ ದಾಖಲೆಯಿಲ್ಲ. ಮೂವತ್ತನೆಯ ನಿಮಿಷದಲ್ಲಿ ಗೆರೆಗುಂಟ ಓಡುತ್ತಿದ್ದ ಲೈನ್ಸ್‌ಮನ್ ಮೀನಖಂಡ ಹಿಡಿದುಕೊಂಡು ಕುಸಿದ. ಬಾವುಟ ನಮ್ಮವರಿಗೆ ಕೊಡಿ ಎಂದು ಈ ಊರಿನವರು, ಬೇಡವೇ ಬೇಡ ಎಂದು ಆ ಊರಿನವರು. ಗಿಡ್ಡ ರೆಫರಿ ಗಡಿಯಾರ ನೋಡಿಕೊಂಡ. "ಎರಡೂ ಊರಿಗೆ ಸಂಬಂಧ ಇಲ್ದೋರು ಯಾರಾದ್ರೂ ಬನ್ನಿ. ಇಲ್ಲಾಂದ್ರೆ ಆಟ ಇಲ್ಲಿಗೇ ನಿಲ್ಲಿಸ್ತೀನಿ."

ಎಲ್ಲರೂ ತಿರುಗಿ ನೋಡಿದರು. ಸಂಬಂಧವೇ ಇಲ್ಲದೆ ಟಿಕೆಟ್ ಕೊಂಡು ಒಳಗೆ ಬಂದ ಪ್ರಾಣಿಗಳು ಎರಡೇ ಇದ್ದವು.

"ನನಗೆ ಮೊಣಕಾಲು ನೋವು," ಎಂದ ಡೆಸ್ಮಂಡ್, ಕೇಳುವ ಮೊದಲೇ.

"ಕಂಬಿ ದಾಟಿದ್ರೆ ನಾನು ಪ್ರೇಕ್ಷಕ ಅಲ್ಲ ಕಣಯ್ಯ. ಲೆಕ್ಕಕ್ಕೆ ಬರಲ್ಲ," ಎಂದ ಕ್ಲಿಫರ್ಡ್.

"ನೋಡೋ ಕಣ್ಣು ನಿಂದೇ ತಾನೇ? ಬರುತ್ತೆ, ನಾನು ಹೇಳ್ತಿದೀನಲ್ಲ. ಆಟ ನಿಂತ್ರೆ ಇಬ್ರಿಗೂ ಮಣ್ಣೇ. ಹೋಗೋ ಪುಣ್ಯಾತ್ಮ!"

ಕ್ಲಿಫರ್ಡ್ ಕಂಬಿಯ ಕೆಳಗೆ ನುಸುಳಿದ. ರೆಫರಿ ಬಾವುಟ ಕೊಟ್ಟು ಹೇಳಿದ: "ಚೆಂಡು ಒದ್ದ ಗಳಿಗೇಲಿ ಯಾವನಾದ್ರೂ ಎದುರಿನವರ ಕೊನೇ ಡಿಫೆಂಡರ್‌ಗಿಂತ ಮುಂದೆ ಇದ್ದು ಅದನ್ನ ತಗೊಂಡ್ರೆ ಆಫ್‌ಸೈಡು, ಗೋಲಾದ್ರೂ ರದ್ದು. ಬಾವುಟ ಎತ್ತಿ. ಬೇರೇನೂ ಯೋಚನೆ ಮಾಡ್ಬೇಡಿ."

ಉದ್ದನೆ ಕೋಟು, ಚಪ್ಪಟೆ ಟೋಪಿ, ಕೈಯಲ್ಲಿ ಹಳದಿ ಬಾವುಟ. ಕ್ಲಿಫರ್ಡ್ ಗೆರೆಗುಂಟ ಓಡಿದ, ಅಥವಾ ಓಟದಂಥದ್ದೇನನ್ನೋ ಮಾಡಿದ. "ನಮ್ಮನೆಗೆ ಪರದೆ ಮಾರಿದ ಮುದುಕ ಕಣ್ರೋ!" ಎಂದು ಯಾರೋ ಗುರುತು ಹಿಡಿದರು. "ತಾತ, ಬಟ್ಟೆ ಬೀಸ್ಬೇಡಿ, ಸುಕ್ಕಾಗುತ್ತೆ!"

ಎಂಬತ್ತೆಂಟನೆಯ ನಿಮಿಷದವರೆಗೂ ಸೊನ್ನೆ-ಸೊನ್ನೆ. ಆಗ ಥಾರ್ನ್‌ಷಾದವರು ಹಿಂದಿನಿಂದ ಒಂದು ಉದ್ದನೆ ಚೆಂಡು ಒದ್ದರು. ಮುಂದೆ ನಿಂತಿದ್ದವನು ಹಾಲು ಮಾರುವ ಬ್ಯಾರಿ ಸಗ್ಡನ್. ಹನ್ನೊಂದು ವರ್ಷದಲ್ಲಿ ಆರು ಗೋಲು ಹೊಡೆದ ಮಹಾನುಭಾವ. ಆ ದಿನ ಮಾತ್ರ ಅವನ ಕಾಲು ಬೇರೆಯವರಿಂದ ಎರವಲು ತಂದಂತಿತ್ತು. ಚೆಂಡು ಬಲೆಯ ಮೂಲೆಗೆ ಹೋಗಿ ಬಿತ್ತು.

ಊರಿಗೆ ಊರೇ ಕುಣಿಯಿತು. ಡೆಸ್ಮಂಡ್ ಮೊಣಕಾಲು ನೋವು ಮರೆತು ನೆಗೆದ.

ಕ್ಲಿಫರ್ಡ್ ನೆಗೆಯಲಿಲ್ಲ. ಚೆಂಡು ಒದ್ದ ಗಳಿಗೆಯಲ್ಲಿ ಸಗ್ಡನ್‌ಗೂ ಅವನ ಹಿಂದೆ ಉಳಿದಿದ್ದ ಕೊನೆಯ ಡಿಫೆಂಡರ್‌ಗೂ ನಡುವೆ ಇದ್ದ ಹಸಿರು ಹುಲ್ಲನ್ನು ಅವನು ನೋಡಿದ್ದ. ಅಂಗಡಿಯ ಮೇಜಿನ ಮೇಲೆ ಬಿಚ್ಚಿ ಹಾಸಿದ ಬಟ್ಟೆಯ ಹಾಗೆ ಅದು ಅಲ್ಲಿ ಬಿದ್ದಿತ್ತು, ಅಳತೆ ಸಮೇತ.

ಡೆಸ್ಮಂಡ್‌ಗೆ ಅವನ ಮುಖ ಕಾಣಿಸಿತು. ಮೂವತ್ತು ವರ್ಷದ ಪರಿಚಯ, ಅರ್ಥವಾಯಿತು. "ಬಾವುಟ ಕೆಳಗಿರ್ಲೋ ಕ್ಲಿಫ್!" ಕಂಬಿಯ ಹಿಂದಿನಿಂದ ಪಿಸುಗುಟ್ಟಿದ, ಪಕ್ಕದ ಊರಿಗೆ ಕೇಳುವಷ್ಟು ಮೆಲ್ಲಗೆ. "ಅರವತ್ನಾಲ್ಕು ಕಣೋ! ಸೋಮವಾರ ಇಲ್ಲಿ ಮೈದಾನಾನೇ ಇರಲ್ಲ! ನಿನ್ನ ಕಾಲಿಗೆ ಬೀಳ್ತೀನಿ!"

ರೆಫರಿ ಈ ಕಡೆ ನೋಡಿದ. ಕೈ ತಾನಾಗಿ ಎದ್ದಿತು ಎಂದರೆ ಸುಳ್ಳಾಗುತ್ತದೆ. ಕ್ಲಿಫರ್ಡನೇ ಎತ್ತಿದ, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆಯುವವನ ಹಾಗೆ.

ಆಮೇಲೆ ಆದ ಮಾತುಗಳನ್ನು ಆಟ ನೋಡಲು ಬಂದಿದ್ದ ಊರ ಪಾದ್ರಿಯೂ ಆಡಿದ್ದರಿಂದ ಇಲ್ಲಿ ಬರೆಯುವಂತಿಲ್ಲ. ಅರ್ಧ ಪೈ ಬಂದು ಕ್ಲಿಫರ್ಡನ ಟೋಪಿಗೆ ಬಡಿಯಿತು. ಸಗ್ಡನ್ ಎದುರು ಬಂದು ನಿಂತು, "ತಾತ, ನನ್ನ ಏಳನೇದು ಅದು," ಎಂದ. ಅಳುವ ಹಾಗಿದ್ದ.

"ಗೊತ್ತಪ್ಪ," ಎಂದ ಕ್ಲಿಫರ್ಡ್. "ಚೆನ್ನಾಗೇ ಹೊಡೆದೆ."

ಆಟ ಮುಗಿಯಿತು, ಸೊನ್ನೆ-ಸೊನ್ನೆ. ಟೀ ಕೇಳಿದರೆ ಹಬೆಯಾಡುತ್ತಿದ್ದ ಹಂಡೆಯ ಪಕ್ಕದಲ್ಲೇ ನಿಂತು ಮೇವಿಸ್, "ಮುಗೀತು" ಎಂದಳು.

ಬಸ್ಸಿನಲ್ಲಿ ಡೆಸ್ಮಂಡ್ ಬೇರೆ ಸೀಟಿನಲ್ಲಿ ಕುಳಿತ. ಐದನೆಯ ಮೈಲಿಯಲ್ಲಿ ತಿರುಗದೆಯೇ ಕೇಳಿದ: "ಎಷ್ಟಿತ್ತು?"

"ಒಂದು ಗಜ, ಎರಡಿಂಚು."

"ಆ ಎರಡಿಂಚಾದ್ರೂ ಬಿಟ್ಟುಬಿಡಬಾರದಿತ್ತಾ?"

"ಎರಡಿಂಚು ಬಿಟ್ಟಿದ್ದೆ ಕಣೋ. ಗಜ ಬಿಡೋಕಾಗ್ಲಿಲ್ಲ."

ಡೆಸ್ಮಂಡ್ ಎದ್ದು ಬಂದು ಅವನ ಪಕ್ಕದಲ್ಲಿ ಕುಳಿತ. ಜೇಬಿನಿಂದ ಉಳಿದಿದ್ದ ಪೈ ತೆಗೆದು ಮುರಿದು ಒಂದು ಪಾಲು ಕೈಗಿಟ್ಟ. "ತಿನ್ನು. ಅಳತೆ ನೋಡ್ಬೇಡ."

ದೊಡ್ಡ ಪಾಲು ಡೆಸ್ಮಂಡನ ಕೈಯಲ್ಲೇ ಉಳಿದಿತ್ತು, ಮುಕ್ಕಾಲು ಇಂಚು ಹೆಚ್ಚು. ಕ್ಲಿಫರ್ಡ್ ನೋಡಿದ, ತಿಂದ.