ಬಾವುಟ ಇಳಿಯದ ಸಂಜೆ

ಅವತ್ತು ಬುಧವಾರ. ಮಾಡದಕೆರೆಯ ಮನೆ ಮುಂದಿನ ಕಟ್ಟೆ ಮೇಲೆ ಯತ್ತಪ್ಪ ಕೂತಿದ್ದ. ತೊಡೆ ಮೇಲೆ ಸ್ವರ ಬರೆಯೋ ಪುಸ್ತಕ, ಕೈಯಲ್ಲಿ ಟ್ರಂಪೆಟ್. ಹೆಂಡತಿ ಕ್ಯಾತಮ್ಮ ಎದುರಿಗೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದಳು. ಬಿಸಿಲು ಇನ್ನೂ ಇತ್ತು.

ಹದಿನೇಳು ವರ್ಷ ಮಿಲಿಟರಿ ಬ್ಯಾಂಡಿನಲ್ಲಿ ಊದಿ ಬಂದವನು ಅವನು. ಊರಿಗೆ ಬಂದು ನಾಕು ಕುರಿ ಸಾಕಿದ, ಆರು ಜನರನ್ನು ಸೇರಿಸಿ ಬ್ಯಾಂಡ್ ಸೆಟ್ ಕಟ್ಟಿದ. ಹೊಸದುರ್ಗದ ಮದುವೆಗಳಲ್ಲಿ ಸಿನಿಮಾ ಹಾಡು ಊದಿ ಊದಿ ಬೇಸತ್ತು, ಎರಡು ವರ್ಷದಿಂದ ತನ್ನದೇ ಒಂದನ್ನು ಕಟ್ಟುತ್ತಿದ್ದ. ಅದರಲ್ಲಿ ಮಾತಿಲ್ಲ. ಬರೀ ವಾದ್ಯದಲ್ಲೇ ಒಬ್ಬ ಸಿಪಾಯಿಯ ಒಂದು ದಿನ. ಬೆಳಗ್ಗೆ ಏಳೋದು, ಪರೇಡು, ಊಟ, ಮನೆಯಿಂದ ಬಂದ ಕಾಗದ ಓದೋದು, ಸಂಜೆ ಬಾವುಟ ಇಳಿಸೋದು.

ಊಟ ಮೊದಲು ಇರಲಿಲ್ಲ. "ಅಷ್ಟು ಪರೇಡ್ ಮಾಡ್ಸಿ ಉಪವಾಸ ಕೆಡವ್ತೀಯಾ ಅವನ್ನ?" ಅಂತ ಕ್ಯಾತಮ್ಮನೇ ಕೇಳಿದ್ದಳು. ಮಾರನೇ ದಿನ ಡ್ರಮ್ಮಿನವನ ಪಾಲಿಗೆ ತಟ್ಟೆ ಬಡಿಯೋ ಸದ್ದು ಸೇರಿತು.

"ಲೇ, ಕೇಳಿಲ್ಲಿ. ಬಾವುಟ ಇಳೀತೈತೆ," ಅಂದು ಊದಿದ.

"ಮರಿ ಕಳಕೊಂಡ ಕುರಿ ಕೂಗಿದಂಗೈತೆ."

"ನಮ್ಮ ಸಾಹೇಬ್ರೂ ಹಿಂಗೇ ಬೈತಿದ್ರು," ಅಂತ ನಕ್ಕ. "ಆಮೇಲೆ ಎಲ್ರೂ ಬ್ಯಾರಕ್ಕಿಗೆ ಹೋಗ್ತಾರೆ. ಪಹರೆಯೋನು ಒಬ್ಬನೇ ನಿಂತಿರ್ತಾನೆ. ಅಲ್ಲಿ ಬ್ಯಾರೆ ಯಾರೂ ಊದಂಗಿಲ್ಲ. ಇದೊಂದೇ."

ಅದನ್ನೂ ಊದಿದ. ಕ್ಯಾತಮ್ಮನ ಕೈ ನಿಂತಿತು. ಅದು ಅವನಿಗೆ ಕಾಣಲಿಲ್ಲ, ಪುಸ್ತಕದಲ್ಲಿ ಬರೀತಿದ್ದ.

ಸೆಟ್ಟಿನವರಿಗೆ ಕಾಗದ ಓದೋವರೆಗೆ ಕಲಿಸಿಯಾಗಿತ್ತು. ಸಂಜೆಯದ್ದು ಭಾನುವಾರ ಕಲಿಸ್ತೀನಿ ಅಂದಿದ್ದ. ಜನವರಿಯಲ್ಲಿ ಚಿತ್ರದುರ್ಗದಲ್ಲಿ ಮಾಜಿ ಸೈನಿಕರ ಸಭೆ, ಅಲ್ಲಿ ನುಡಿಸೋದು ಅಂತ ಮಾತಾಗಿತ್ತು. ಕ್ಲಾರಿನೆಟ್ ಊದೋ ಕಾಟಲಿಂಗಪ್ಪ ಮೊಬೈಲಲ್ಲಿ ಹಿಡಕೊಳ್ಳಾಣ ಅಂದ್ರೆ, "ಮೈ ನೆರೆಯೋ ಮುಂಚೆ ಮದುವೆ ಮಾಡ್ತೀಯೇನಪ್ಪ? ತಡ್ಕೊ" ಅಂದು ಬಿಟ್ಟಿದ್ದ.

ಗುರುವಾರ ಬೆಳಗ್ಗೆ ಕುರಿ ಬಿಡುವಾಗ ಎದೆ ಹಿಡಕೊಂಡು ಕೂತ. ಆಸ್ಪತ್ರೆಗೆ ಒಯ್ಯುವಾಗ ಹೊಸದುರ್ಗ ದಾಟೋದರೊಳಗೆ ಹೋಗಿಬಿಟ್ಟ. ಐವತ್ತೊಂದು ವರ್ಷ.

ಅವರಲ್ಲಿ ಮಣ್ಣು ಮಾಡೋದು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗೆ ಇಡ್ತಾರೆ. ಎಲೆಡಿಕೆ ಚೀಲ, ಹೊದೆಯೋ ಕಂಬಳಿ, ಹಿಂಗೆ. ಯತ್ತಪ್ಪನ ಅಣ್ಣ ಬೋರಪ್ಪ ಗುಂಡಿ ಹತ್ತಿರ ನಿಂತು, "ಅವನಿಗೆ ಬೇಕಾದ್ದು ಏನೈತೆ ಇಡವ್ವ" ಅಂದ. ಕ್ಯಾತಮ್ಮ ಟ್ರಂಪೆಟ್ ತಂದಳು.

ಕಾಟಲಿಂಗಪ್ಪ ಅಡ್ಡ ಬಂದ. "ಅದು ಬ್ಯಾಡ ಅತ್ತಿಗೆ. ಊದೋ ಸಾಮಾನು ಮಣ್ಣಾಗೆ ಹಾಕಬಾರದು."

ಅವಳು ಮನೆಗೆ ವಾಪಸ್ ಹೋಗಿ ಪುಸ್ತಕ ತಂದಳು. ಬಿಳೀ ವಸ್ತ್ರದಲ್ಲಿ ಸುತ್ತಿ ಅವನ ತಲೆ ಕೆಳಗೆ ಇಟ್ಟಳು. ಓದಲು ಬರದವಳು. ಎರಡು ವರ್ಷ ಅವನ ಕೈ ಬಿಡದ ವಸ್ತು ಅದು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ವಸ್ತ್ರದೊಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಮಣ್ಣು ಹಾಕಿದರು. ಅವಳೂ ಮೂರು ಹಿಡಿ ಹಾಕಿದಳು.

ಹನ್ನೊಂದನೇ ದಿನ ಊಟ ಆದ ಮೇಲೆ ಕಾಟಲಿಂಗಪ್ಪ ಕೇಳಿದ. "ಅತ್ತಿಗೆ, ಅಣ್ಣನ ಪುಸ್ತಕ ಕೊಡ್ರಿ. ಕೊನೇದು ಅದರಾಗೇ ಐತೆ."

"ಅವನ ಜೊತೆಗೆ ಇಟ್ಟೆ."

ಅವನು ಕಟ್ಟೆ ಮೇಲೆ ಕೂತುಬಿಟ್ಟ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕ್ಯಾತಮ್ಮ ಬೋರಪ್ಪನ ಹತ್ತಿರ ಹೋದಳು. "ಬಾವ, ತೆಗೆಸಿ ಕೊಡ್ರಿ. ನನ್ನ ತಪ್ಪು."

"ಮಲಗಿರೋನ ತಲೆ ಎತ್ತು ಅಂತೀಯೇನವ್ವ?" ಅಂದ ಅವನು. ಆ ವಾರವೇ ಮಳೆ ಬಂತು, ಮೂರು ದಿನ. ಕ್ಯಾತಮ್ಮ ಒಳಗೆ ಕೂತು ಮಳೆ ನೋಡಿದಳು. ಮಣ್ಣೊಳಗೆ ಪುಸ್ತಕ ನೆನೆದು ಹೋಗಿರುತ್ತೆ, ಇನ್ನು ಕೇಳುವುದಕ್ಕೂ ಏನೂ ಉಳಿಯಲಿಲ್ಲ.

ಕೊನೆಯದ್ದನ್ನು ಕೇಳಿಸಿಕೊಂಡಿದ್ದವಳು ಅವಳೊಬ್ಬಳೇ. ಸೆಟ್ಟಿನವರು ಬಂದು ಸುತ್ತ ಕೂತರು. "ಸುಮ್ನೆ ಗುನುಗ್ರಿ ಅತ್ತಿಗೆ, ನಾವು ಹಿಡೀತೀವಿ." ಅವಳು ಬಾಯಿ ತೆಗೆದಳು. ಬಂದದ್ದು ಸೋಬಾನೆ ಪದದ ಧಾಟಿ. ಇನ್ನೊಂದು ಸಲ ತೆಗೆದಳು. ಅದೇ ಬಂತು. ಅವಳ ತಲೆಯೊಳಗೆ ಯತ್ತಪ್ಪ ಊದುತ್ತಿದ್ದ, ಸ್ಪಷ್ಟವಾಗಿ. ಬಾಯಿಗೆ ಬರಲಿಲ್ಲ.

ಕಾಟಲಿಂಗಪ್ಪ ಕ್ಲಾರಿನೆಟ್ ತೆಗೆದ. "ಹಿಂಗಾ?"

"ಅಲ್ಲ."

"ಹಿಂಗೆ, ಕೆಳಕ್ಕೆ?"

"ಅಲ್ಲಪ್ಪ."

ನಾಕು ಭಾನುವಾರ ಹಿಂಗೇ ಆಯ್ತು. ಅಲ್ಲ ಅನ್ನೋದು ಬಿಟ್ಟು ಅವಳಿಗೆ ಬೇರೆ ಏನೂ ಹೇಳಲು ಬರಲಿಲ್ಲ. ಒಂದು ಸಲ ಕಾಟಲಿಂಗಪ್ಪನಿಗೂ ಸಾಕಾಗಿ, "ಹೂಂ ಅಂದ್ಬಿಡ್ರಿ ಅತ್ತಿಗೆ, ಅಲ್ಲಿ ಯಾರಿಗೆ ಗೊತ್ತಾಯ್ತದೆ?" ಅಂದ. ಅವಳಿಗೂ ಅನ್ನಬೇಕು ಅನಿಸಿತು. ಅನ್ನಲು ಆಗಲಿಲ್ಲ.

ಜನವರಿ ಬಂತು. ಚಿತ್ರದುರ್ಗದ ಸಭೆಯಲ್ಲಿ ಅವಳನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಸಿಪಾಯಿ ಎದ್ದ. ಪರೇಡ್ ಮಾಡಿದ. ತಟ್ಟೆ ಸದ್ದು ಬಂದಾಗ ಹಿಂದೆ ಯಾರೋ ನಕ್ಕರು. ಕ್ಯಾತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕ್ಲಾರಿನೆಟ್ಟಿನಲ್ಲಿ ಕಾಗದ ಓದಿದ. ಓದಿ ಮುಗಿಯಿತು. ವಾದ್ಯಗಳೆಲ್ಲಾ ನಿಂತವು.

ಜನ ಚಪ್ಪಾಳೆ ತಟ್ಟಿದರು. ಮುಗಿಯಿತು ಅಂದುಕೊಂಡರು. ಪಕ್ಕದಲ್ಲಿದ್ದ ಮುದುಕ ಹವಾಲ್ದಾರರು, "ಚೆನ್ನಾಗಿ ಮುಗಿಸಿದಾರಮ್ಮ ನಿಮ್ಮ ಯಜಮಾನ್ರು" ಅಂದರು. ಮುಗಿದಿಲ್ಲ ಸ್ವಾಮಿ, ಅವನು ಕಾಗದ ಹಿಡಕೊಂಡು ಹಂಗೇ ಕೂತವನೆ, ಅವನಿಗೆ ಸಂಜೆ ಆಗಿಲ್ಲ ಅಂತ ಹೇಳಬೇಕಿತ್ತು. "ಹೂಂ ಸ್ವಾಮಿ" ಅಂದಳು.

ಟ್ರಂಪೆಟ್ ಈಗ ಮನೆಯಲ್ಲೇ ಇದೆ. ಅದರ ಮೂರು ಗುಂಡಿಗೆ ದಿನಾ ಎಣ್ಣೆ ಬಿಡಬೇಕು, ಬಿಡದಿದ್ದರೆ ಕಚ್ಚಿಕೊಳ್ತವೆ ಅಂತ ಅವನು ಅನ್ನುತ್ತಿದ್ದ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ, ಕುರಿ ಬಿಡುವ ಮುಂಚೆ, ಕ್ಯಾತಮ್ಮ ಕಟ್ಟೆ ಮೇಲೆ ಕೂರುತ್ತಾಳೆ. ಹೊಲಿಗೆ ಮಿಷನ್ನಿನ ಎಣ್ಣೆ ಒಂದೊಂದು ಹನಿ ಬಿಡುತ್ತಾಳೆ. ಮೂರೂ ಗುಂಡಿಯನ್ನು ಒತ್ತಿ ನೋಡುತ್ತಾಳೆ. ಇಳಿದು ಮೇಲೆ ಬರುತ್ತವೆ. ಒರೆಸಿ, ಬಟ್ಟೆಯಲ್ಲಿ ಸುತ್ತಿ ಒಳಗೆ ಇಡುತ್ತಾಳೆ.